ಕಡಲಿಗೆ ಬೆನ್ನು ಹಾಕಿ ನಿಂತಾಗ: ಕರಾವಳಿಯ ಛಾಯಾಚಿತ್ರಗಳನ್ನು ಕುರಿತು ಕೆಲವು ಮಾತು

ದುವ್ವಾಡ ನಿಲ್ದಾಣದಲ್ಲಿ ಇಳಿದವರಿಗೆ ಕಡಲು ಕಾಣುವುದಿಲ್ಲ. ವಿಶಾಖಪಟ್ಟಣದ ದೊಡ್ಡ ನಿಲ್ದಾಣಕ್ಕೆ ಹೋದ ಗಾಡಿ ಬಂದ ದಾರಿಗೇ ಮುಖ ತಿರುಗಿಸಿ ಹೊರಡಬೇಕು. ಆ ತೊಡಕು ಬೇಡವೆಂದು ದೂರಪ್ರಯಾಣದ ಹಲವು ಗಾಡಿಗಳು ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ಹೀಗಾಗಿ ಊರಿನಿಂದ ಬರುವ ನಮ್ಮ ನೆಂಟರಿಷ್ಟರಲ್ಲಿ ಅನೇಕರಿಗೆ ಈ ಕಡಲೂರಿನ ಮೊದಲ ದರ್ಶನವೆಂದರೆ ಗುಡ್ಡ, ಗೂಡ್ಸ್ ಗಾಡಿ ಮತ್ತು ಉಕ್ಕಿನ ಕಾರ್ಖಾನೆ. ಕಡಲು ಇರುವುದು ಇವೆಲ್ಲದರ ಆಚೆಗೆ, ಗಂಗವರಂ, ಅಪ್ಪಿಕೊಂಡಗಳ ಕಡೆ. ಆದರೆ ನಾಲ್ಕು ದಿನ ಇದ್ದು ಹೊರಡುವಾಗ ಅವರ ಫೋನಿನಲ್ಲಿ ತುಂಬಿಕೊಂಡಿರುವ ಚಿತ್ರಗಳಲ್ಲಿ ಗುಡ್ಡವೂ ಇಲ್ಲ, ಕಾರ್ಖಾನೆಯೂ ಇಲ್ಲ, ಗಂಗವರಂ ಅಂತೂ ಇಲ್ಲವೇ ಇಲ್ಲ. ಕಡಲಿನಿಂದ ಮೇಲೇಳುವ ಸೂರ್ಯ, ರಾಮಕೃಷ್ಣ ಬೀಚಿನ ಜಲಾಂತರ್ಗಾಮಿ ನೌಕೆ, ಕೈಲಾಸಗಿರಿಯ ಶಿವಪಾರ್ವತಿಯರು, ಋಷಿಕೊಂಡದ ಮರಳು — ಇಷ್ಟೇ.

ಇದು ಬರಿಯ ನೆಂಟರ ಮಾತಲ್ಲ. ನಮ್ಮ ಸಂಘಗಳು ವಾರ್ಷಿಕೋತ್ಸವಕ್ಕೆ ಹೊರತರುವ ಸ್ಮರಣ ಸಂಚಿಕೆಗಳ ಮುಖಪುಟ, ಬ್ಯಾಂಕುಗಳು ಹಂಚುವ ಕ್ಯಾಲೆಂಡರು, ಛಾಯಾಚಿತ್ರ ಸ್ಪರ್ಧೆಗಳಲ್ಲಿ ಬಹುಮಾನ ಪಡೆದು ಗೋಡೆಗೇರುವ ಚಿತ್ರಗಳು — ಇವುಗಳಲ್ಲಿಯೂ ಕರಾವಳಿ ಬಹುಮಟ್ಟಿಗೆ ಇಷ್ಟೇ. ಈ ಚಿತ್ರಗಳಲ್ಲಿ ಅನೇಕವು ಸುಂದರವಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ತೆಗೆದವರ ಶ್ರದ್ಧೆಯನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಕರಾವಳಿಯೆಂಬ ಒಂದು ಬದುಕು ಇವುಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಬದಲಾಗಿ ಅದರ ಮೂರು ತುಂಡುಗಳು ಬೇರೆಬೇರೆಯಾಗಿ ಕಾಣುತ್ತವೆ. ಏಕೆ ಹೀಗಾಯಿತು, ಇದರಿಂದ ನಷ್ಟವೇನು ಎಂದು ವಿಚಾರಿಸುವುದೇ ಈ ಬರಹದ ಉದ್ದೇಶ.

ಮೂರು ಪೆಟ್ಟಿಗೆಗಳು

ಛಾಯಾಚಿತ್ರ ಪ್ರದರ್ಶನಗಳಿಗೆ ಹೋಗಿ ಬಂದವರಿಗೆ ಈ ವಿಂಗಡಣೆ ಗೊತ್ತು: ಪ್ರಕೃತಿ ದೃಶ್ಯ ಒಂದು ವಿಭಾಗ, ವನ್ಯಜೀವಿ ಇನ್ನೊಂದು, ಜನಜೀವನ ಮತ್ತೊಂದು. ಕನ್ನಡ ನಾಡಿನಲ್ಲಿ ಈ ಮೂರಕ್ಕೂ ದೊಡ್ಡ ಪರಂಪರೆಯೇ ಇದೆ. ಮಂಜು, ಮರ, ಎಳೆಬಿಸಿಲುಗಳನ್ನು ಚಿತ್ರಕಲೆಯಂತೆ ಹೊಂದಿಸುವ ರೀತಿಯನ್ನು ಬೆಂಗಳೂರಿನ ಡಾ. ಜಿ. ಥಾಮಸ್ ಅವರಂಥವರು ಬೆಳೆಸಿದರು. ಬೆಂಗಳೂರಿನಲ್ಲಿ ನೆಲಸಿದ್ದ ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿ ಛಾಯಾಗ್ರಹಣದಲ್ಲಿ ದೇಶದಾಚೆಗೂ ಹೆಸರಾದರು. ಅವರ ಕೈಕೆಳಗೆ ಒಂದು ಪೀಳಿಗೆಯೇ ತಯಾರಾಯಿತು. ಜನಜೀವನಕ್ಕಂತೂ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದ್ದರು. ಬಹುಕಾಲ ದೆಹಲಿಯಲ್ಲಿದ್ದು ದೇಶವಿದೇಶದ ಪತ್ರಿಕೆಗಳಿಗೆ, ಯುನಿಸೆಫ್‌ನಂಥ ಸಂಸ್ಥೆಗಳಿಗೆ ಚಿತ್ರ ತೆಗೆದ ಸತ್ಯನ್ ನಮ್ಮಂತೆಯೇ ಹೊರನಾಡ ಕನ್ನಡಿಗರು. ಅವರ ಆತ್ಮಕಥನ ‘ಕಾಲಕ್ಕೆ ಕನ್ನಡಿ’ಯನ್ನು ನಮ್ಮಲ್ಲಿ ಕೆಲವರಾದರೂ ಓದಿರಬಹುದು.

ಮೂವರೂ ದೊಡ್ಡವರೇ. ಆದರೆ ಅವರ ಹಿಂದೆ ಬಂದ ನಾವು ಮೂರು ದಾರಿಗಳನ್ನು ಮೂರು ಪೆಟ್ಟಿಗೆಗಳನ್ನಾಗಿ ಮಾಡಿಕೊಂಡೆವು. ದೃಶ್ಯದ ಚಿತ್ರದಲ್ಲಿ ಮನುಷ್ಯ ಬಂದರೆ ‘ಅಡ್ಡ ಬಂದ’. ಹಕ್ಕಿಯ ಚಿತ್ರದಲ್ಲಿ ವಿದ್ಯುತ್ ತಂತಿ ಬಂದರೆ ‘ಕೆಟ್ಟಿತು’. ಮೀನುಗಾರನ ಚಿತ್ರದಲ್ಲಿ ಹಿಂದೆ ಕ್ರೇನು ಕಂಡರೆ ‘ಕತ್ತರಿಸಿ ತೆಗೆಯಿರಿ’.

ಇದಕ್ಕೆ ನಿಯಮದ ಬೆಂಬಲವೂ ಇದೆ. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮತ್ತು ಫಿಯಾಪ್ ಎಂಬ ಅಂತಾರಾಷ್ಟ್ರೀಯ ಒಕ್ಕೂಟ, ಈ ಮೂರೂ ಸೇರಿ ‘ನಿಸರ್ಗ’ ವಿಭಾಗಕ್ಕೆ ಒಂದು ಸಮಾನ ವ್ಯಾಖ್ಯೆಯನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ ನಿಸರ್ಗದ ಚಿತ್ರದಲ್ಲಿ ಮನುಷ್ಯನ ಕೈವಾಡ ಕಾಣಬಾರದು. ಮನುಷ್ಯ ಬದಲಾಯಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ವಿಷಯದಲ್ಲಿ ಮಾತ್ರ ರಿಯಾಯಿತಿ ಉಂಟು. ಈ ನಿಯಮವನ್ನು ಮಾಡಿದವರಿಗೆ ಸಕಾರಣವಿತ್ತು. ಮೃಗಾಲಯದ ಹುಲಿಯನ್ನು ಕಾಡಿನ ಹುಲಿಯೆಂದು ನಂಬಿಸುವವರನ್ನು, ಸಾಕಿದ ಗಿಡವನ್ನು ಕಾಡುಗಿಡವೆಂದು ತೋರಿಸುವವರನ್ನು ತಡೆಯಬೇಕಾಗಿತ್ತು. ಆದರೆ ಸ್ಪರ್ಧೆಗೆಂದು ಮಾಡಿದ ನಿಯಮ ನಮ್ಮ ಕಣ್ಣಿನ ನಿಯಮವೇ ಆಗಿಬಿಟ್ಟರೆ ಏನು ಗತಿ? ಸ್ಪರ್ಧೆಗೆ ಹೋಗದವನೂ ದಡದಲ್ಲಿ ನಿಂತು ಮನುಷ್ಯರಿಲ್ಲದ ಜಾಗವನ್ನೇ ಹುಡುಕುತ್ತಾನೆ.

ವಿಶಾಖಪಟ್ಟಣದ ದಡದಲ್ಲಿ ಆ ಹುಡುಕಾಟ ಒಂದು ದೊಡ್ಡ ತಮಾಷೆಯಾಗುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಅಲೆಗಳು ದಡದ ಮರಳನ್ನು ಉತ್ತರಕ್ಕೆ ನೂಕುತ್ತವೆ. ಈಶಾನ್ಯ ಮಾರುತ ಬಂದಾಗ ಒಂದಿಷ್ಟು ಮರಳು ದಕ್ಷಿಣಕ್ಕೆ ಹಿಂದಿರುಗುತ್ತದೆ. ಲೆಕ್ಕ ಹಾಕಿದರೆ ಉತ್ತರದ ಪಾಲೇ ಹೆಚ್ಚು. ಬಂದರು 1933ರಲ್ಲಿ ತೆರೆಯಿತು, ಹೊರಬಂದರು 1970ರ ದಶಕದಲ್ಲಿ ಬಂತು. ಅಲೆತಡೆಯ ಗೋಡೆಗಳು ಈ ಮರಳಿನ ಪ್ರಯಾಣಕ್ಕೆ ಅಡ್ಡ ನಿಂತವು. ಬಂದರಿನ ಉತ್ತರಕ್ಕಿರುವ ನಗರದ ದಡ ಸವೆಯತೊಡಗಿತು. ಅದಕ್ಕಾಗಿ ಹೂಳೆತ್ತುವ ಹಡಗಿನಿಂದ ಮರಳು ತಂದು ದಡಕ್ಕೆ ತುಂಬುವ ಕೆಲಸ ದಶಕಗಳಿಂದ ನಡೆದಿದೆ. ಎಂದರೆ, ನಾವು ‘ಅಪ್ಪಟ ಪ್ರಕೃತಿ’ಯೆಂದು ಚಿತ್ರ ತೆಗೆಯುವ ರಾಮಕೃಷ್ಣ ಬೀಚಿನ ಮರಳಿನಲ್ಲಿ ಒಂದು ಪಾಲು ಮನುಷ್ಯನೇ ತಂದು ಸುರಿದದ್ದು! ಈ ಚಿತ್ರವನ್ನು ಯಾವ ಪೆಟ್ಟಿಗೆಯಲ್ಲಿ ಇಡೋಣ?

ನಮ್ಮ ಪಂಚಾಂಗ ಇಲ್ಲಿ ನಡೆಯದು

ಇನ್ನೊಂದು ತೊಡಕು ನಮ್ಮದೇ, ಕನ್ನಡಿಗರದು. ನಮ್ಮ ಮನಸ್ಸಿನಲ್ಲಿರುವ ಕಡಲು ಪಡುಗಡಲು. ಮಂಗಳೂರು, ಉಡುಪಿ, ಕಾರವಾರದವರಿಗೆ ಅದು ಹುಟ್ಟಿನಿಂದ ಬಂದದ್ದು. ಬಯಲುಸೀಮೆಯವರಿಗೆ ಪ್ರವಾಸದಿಂದ, ಕಥೆ ಕಾದಂಬರಿಗಳಿಂದ ಬಂದದ್ದು. ಅಲ್ಲಿ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಕಡಲು ಮುನಿಯುತ್ತದೆ, ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ ರಜೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಆ ಕಡಲು ಬರಿಯ ಹಿನ್ನೆಲೆಯಲ್ಲ, ಮನೆಯವರಲ್ಲಿ ಒಬ್ಬರಿದ್ದಂತೆ.

ಇಲ್ಲಿ ಎಲ್ಲವೂ ತಿರುಗುಮುರುಗು. ಸೂರ್ಯ ಕಡಲಿನಿಂದ ಹುಟ್ಟಿ ಗುಡ್ಡದ ಹಿಂದೆ ಇಳಿಯುತ್ತಾನೆ. ಯಂತ್ರದ ದೋಣಿಗಳ ರಜೆ ಬೇಸಿಗೆಯಲ್ಲಿ: ಏಪ್ರಿಲ್ 15ರಿಂದ ಜೂನ್ 14ರ ವರೆಗೆ, 61 ದಿನ. ಇದು 2015ರಿಂದ ಬಂದ ಲೆಕ್ಕ. ಮೊದಲು ಅವಧಿ ಇನ್ನೂ ಕಡಿಮೆಯಿತ್ತು. ಮೀನು ಮೊಟ್ಟೆಯಿಟ್ಟು ವೃದ್ಧಿಯಾಗಲೆಂದು ಈ ಏರ್ಪಾಡು. ನಮ್ಮ ಕರಾವಳಿಯಂತೆ ಜೂನ್–ಜುಲೈನಲ್ಲಿ ದಿನಗಟ್ಟಲೆ ಸುರಿಯುವ ಮಳೆ ಇಲ್ಲಿಲ್ಲ. ಇಲ್ಲಿ ಭಯದ ತಿಂಗಳುಗಳು ಅಕ್ಟೋಬರ್, ನವೆಂಬರ್. ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ನಮ್ಮೂರಿನಲ್ಲಿ ದಸರೆ ಮುಗಿದು ದೀಪಾವಳಿಗೆ ಆಕಾಶ ತಿಳಿಯಾಗುವ ಹೊತ್ತಿಗೆ ಇಲ್ಲಿನವರು ಹವಾಮಾನದ ಸುದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ.

ಈ ವ್ಯತ್ಯಾಸ ತಿಳಿಯದೆ ತೆಗೆದ ಚಿತ್ರಗಳು ಹೇಗಿರುತ್ತವೆ? ನಮ್ಮ ಮನೆಯ ಆಲ್ಬಮ್ಮುಗಳನ್ನೇ ನೋಡಿ. ಬೆಳಗಿನ ಆರೂವರೆಗೆ ಮನೆಯವರನ್ನು ಕಡಲಿನ ಮುಂದೆ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಕಡಲು ಚಿನ್ನದಂತೆ ಹೊಳೆಯುತ್ತದೆ, ಮನೆಯವರ ಮುಖ ಮಾತ್ರ ಇದ್ದಿಲಿನಂತೆ ಕಪ್ಪಗಿರುತ್ತದೆ. ಬೆಳಕು ಬೆನ್ನ ಹಿಂದಿದ್ದರೆ ಇನ್ನೇನಾದೀತು? ಮನೆಮಂದಿಯ ಚಿತ್ರದಲ್ಲಿ ಇದನ್ನು ನಾವು ತಪ್ಪೆನ್ನುತ್ತೇವೆ. ಅದೇ ತಪ್ಪನ್ನು ಮೀನುಗಾರನ ಮೇಲೆ ಮಾಡಿದರೆ ಅದು ಕಲೆಯಾಗುತ್ತದೆ, ಬಹುಮಾನ ಪಡೆಯುತ್ತದೆ.

ಮುಖವಿಲ್ಲದ ಮೀನುಗಾರ

ಈ ಚಿತ್ರವನ್ನು ನೋಡದವರು ಇಲ್ಲ. ಕೆಂಪಗೆ ಉರಿಯುವ ಸೂರ್ಯ. ಅದರ ಮುಂದೆ ಬಲೆ ಬೀಸುತ್ತಿರುವ ಕಪ್ಪು ಆಕೃತಿ. ಬಲೆ ಹೂವಿನಂತೆ ಅರಳಿದೆ. ಮಲ್ಪೆಯಲ್ಲಿ ಇದನ್ನು ಸಂಜೆ ತೆಗೆಯುತ್ತಾರೆ, ಇಲ್ಲಿ ಬೆಳಿಗ್ಗೆ, ವ್ಯತ್ಯಾಸ ಅಷ್ಟೇ. ಮೊದಲ ಬಾರಿ ಇಂಥ ಚಿತ್ರ ತೆಗೆದವನು ನಿಜವಾಗಿಯೂ ಏನನ್ನೋ ಕಂಡಿದ್ದ. ನಂತರ ಸಾವಿರ ಮಂದಿ ಅದನ್ನೇ ತೆಗೆದಾಗ ಅದು ಒಂದು ಅಚ್ಚಾಯಿತು. ಈಗ ಕೆಲವು ಕಡೆ ಛಾಯಾಗ್ರಾಹಕರಿಗಾಗಿಯೇ ಮೀನಿಲ್ಲದ ನೀರಿಗೆ ಹಣ ಪಡೆದು ಬಲೆ ಬೀಸುವವರೂ ಇದ್ದಾರೆ.

ಆ ಆಕೃತಿಗೆ ಮುಖವಿಲ್ಲ. ವಯಸ್ಸೆಷ್ಟೆಂದು ಗೊತ್ತಾಗದು, ದಣಿದಿದ್ದಾನೆಯೇ ಎಂದು ಗೊತ್ತಾಗದು, ಬಲೆಯಲ್ಲಿ ಮೀನಿದೆಯೇ ಎಂಬುದೂ ಗೊತ್ತಾಗದು. ಯಾವ ಊರು, ಯಾವ ತಿಂಗಳು ಎಂಬ ಗುರುತೂ ಇಲ್ಲ. ನೋಡುವವನಿಗೆ ಸೊಗಸು, ನೋಡಿಸಿಕೊಂಡವನಿಗೆ ಏನೂ ಇಲ್ಲ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ: ತಿರುಗಿ ನಿಲ್ಲಬೇಕು. ಈ ಊರಿನ ದಡದಲ್ಲಿ ಬೆಳಿಗ್ಗೆ ನೀರಿನಂಚಿಗೆ ಹೋಗಿ, ಕಡಲಿಗೆ ಬೆನ್ನು ಹಾಕಿ, ನೆಲದ ಕಡೆಗೆ ಮುಖ ಮಾಡಿ ನಿಂತು ನೋಡಿ. ಅದೇ ಎಳೆಬಿಸಿಲು ಈಗ ಜನರ ಮುಖದ ಮೇಲೆ ಬೀಳುತ್ತದೆ. ದಡದಿಂದಲೇ ಹಗ್ಗ ಹಿಡಿದು ದೊಡ್ಡ ಬಲೆಯನ್ನು ಎಳೆಯುವ ಸಾಲು ಕಾಣುತ್ತದೆ. ಇದನ್ನು ಇಲ್ಲಿ ‘ಪೆದ್ದವಲ’ ಎನ್ನುತ್ತಾರೆ, ನಮ್ಮ ರಂಪಣಿಯ ಬಂಧು. ಬುಟ್ಟಿ ಹಿಡಿದು ಕಾದ ಹೆಂಗಸರು, ಹರಾಜಿನ ಕೂಗು, ಮಂಜುಗಡ್ಡೆಯ ಪೆಟ್ಟಿಗೆ, ಆಟೋ, ಚಹದ ಅಂಗಡಿ, ಅದರ ಹಿಂದೆ ಮನೆಗಳು, ಮನೆಗಳ ಹಿಂದೆ ಬಹುಮಹಡಿ ಕಟ್ಟಡಗಳು, ಅವುಗಳ ಹಿಂದೆ ಗುಡ್ಡ. ಕರಾವಳಿಯೆಂದರೆ ಇಷ್ಟೂ. ಸೂರ್ಯೋದಯಕ್ಕೆ ಮಾತ್ರ ಈ ಚಿತ್ರದಲ್ಲಿ ಜಾಗವಿಲ್ಲ. ಆದರೆ ಅದರ ಬೆಳಕು ಇದ್ದೇ ಇದೆ.

ಸತ್ಯನ್ ಅವರ ಚಿತ್ರಗಳು ಕಲಿಸುವುದು ಇದನ್ನೇ ಎಂದು ನನ್ನ ಭಾವನೆ. ಅವರ ಚಿತ್ರಗಳಲ್ಲಿನ ಮಗು, ದಾದಿ, ಬೀದಿಯ ಮನುಷ್ಯ ಯಾರೂ ಅಲಂಕಾರಕ್ಕೆ ನಿಂತವರಲ್ಲ. ಪ್ರತಿಯೊಬ್ಬರಿಗೂ ಒಂದು ಮುಖವಿದೆ, ಮಾಡುತ್ತಿರುವ ಒಂದು ಕೆಲಸವಿದೆ. ಕ್ಯಾಮರಾ ಅವರ ಮಟ್ಟಕ್ಕೆ ಇಳಿದು ನೋಡುತ್ತದೆ.

ಒಮ್ಮೆ ಇಲ್ಲಿನ ದಡದಲ್ಲಿ ಚಿತ್ರ ತೆಗೆಯುತ್ತಿದ್ದಾಗ ಮೀನು ಆರಿಸುತ್ತಿದ್ದ ಒಬ್ಬ ಮುದುಕಿ ತೆಲುಗಿನಲ್ಲಿ ಹೇಳಿದ್ದು ನನಗೆ ಇನ್ನೂ ನೆನಪಿದೆ: “ಹೋದ ವರ್ಷವೂ ಒಬ್ಬರು ಬಂದು ತೆಗೆದುಕೊಂಡು ಹೋದರು ಬಾಬು. ನಮಗೆ ಒಂದನ್ನೂ ಕೊಡಲಿಲ್ಲ.” ಚಿತ್ರವನ್ನು ‘ತೆಗೆದುಕೊಂಡು ಹೋಗುವುದು’ ಎಂಬ ಮಾತಿನ ಪೂರ್ಣಾರ್ಥ ನನಗೆ ಅಂದು ಆಯಿತು. ಮರುವಾರ ಪ್ರತಿ ಮಾಡಿಸಿ ಕೊಟ್ಟೆ. ಆಕೆ ಅದನ್ನು ನೋಡಿ, “ಸೆರಗು ಸರಿಮಾಡಿಕೊಳ್ಳೆಂದು ಹೇಳಬಾರದಿತ್ತೇ?” ಎಂದು ಗದರಿದಳು. ನಾನು ಕೇಳಿದ ವಿಮರ್ಶೆಗಳಲ್ಲಿ ಇಷ್ಟು ನೇರವಾದದ್ದು ಬೇರೆ ಇಲ್ಲ.

ಆಮೆ, ಬಲೆ ಮತ್ತು ಫ್ಲಾಶ್

ಮೂರು ಪೆಟ್ಟಿಗೆಗಳ ವಿಂಗಡಣೆ ಎಲ್ಲಕ್ಕಿಂತ ಹೆಚ್ಚಾಗಿ ಸೋಲುವುದು ಚಳಿಗಾಲದಲ್ಲಿ. ಜನವರಿಯಿಂದ ಮಾರ್ಚ್ ಸುಮಾರಿಗೆ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ವಿಶಾಖಪಟ್ಟಣದ ದಡಗಳಿಗೆ ಮೊಟ್ಟೆಯಿಡಲು ಬರುತ್ತವೆ. ಒಡಿಶಾದ ಕಡಲತೀರದಲ್ಲಿ ಲಕ್ಷಗಟ್ಟಲೆಯಾಗಿ ಬರುವ ಜಾತಿಯೇ ಇದು. ಇಲ್ಲಿ ಒಂದೊಂದಾಗಿ ಬರುತ್ತದೆ. ರಾತ್ರಿ ಮರಳಿನಲ್ಲಿ ಗುಂಡಿ ತೋಡಿ ನೂರರ ಆಸುಪಾಸಿನ ಮೊಟ್ಟೆಗಳನ್ನಿಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ಹೊರಟುಹೋಗುತ್ತದೆ. ಅರಣ್ಯ ಇಲಾಖೆಯವರು ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ಸಾಗಿಸಿ, ಒಂದೂವರೆ ಎರಡು ತಿಂಗಳಲ್ಲಿ ಮರಿಗಳು ಹೊರಬಂದಾಗ ಕಡಲಿಗೆ ಬಿಡುತ್ತಾರೆ. ಬೆಳಗಿನ ಹೊತ್ತು ಅಂಗೈಯಗಲದ ಮರಿಗಳು ಅಲೆಯ ಕಡೆ ತೆವಳುವುದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋದ ನಮ್ಮವರೂ ಇದ್ದಾರೆ.

ಆ ಮರಿಯ ಚಿತ್ರ ಎಲ್ಲರಿಗೂ ಇಷ್ಟ. ಆದರೆ ಅದೇ ತಿಂಗಳುಗಳಲ್ಲಿ ಅದೇ ದಡದಲ್ಲಿ ಸತ್ತ ಆಮೆಗಳೂ ಬಂದು ಬೀಳುತ್ತವೆ. ಆಮೆಗೆ ಉಸಿರಾಡಲು ನೀರಿನ ಮೇಲೆ ಬರಬೇಕು. ಟ್ರಾಲ್ ಬಲೆಯೊಳಗೆ ಸಿಕ್ಕಿಕೊಂಡದ್ದು ಮುಳುಗಿ ಸಾಯುತ್ತದೆ. ಬಲೆಯಿಂದ ಆಮೆ ತಪ್ಪಿಸಿಕೊಂಡು ಹೋಗಲು ಒಂದು ಕಂಡಿಯುಳ್ಳ ಸಾಧನವೂ ಇದೆ. ಅದನ್ನು ಕಟ್ಟಿದರೆ ಮೀನೂ ಹೋಗುತ್ತದೆಂದು ದೋಣಿಯವರ ಅಳಲು. ಮೀನಿನ ಕಾಲವೂ ಅದೇ, ಆಮೆಯ ಕಾಲವೂ ಅದೇ. ಹಾಗಿರುವಾಗ ಮರಿಯನ್ನು ‘ವನ್ಯಜೀವಿ’ಯಲ್ಲಿ, ಬಲೆಯನ್ನು ‘ಜನಜೀವನ’ದಲ್ಲಿ, ದಡವನ್ನು ‘ದೃಶ್ಯ’ದಲ್ಲಿ ಇಟ್ಟರೆ ಈ ಕಥೆಯನ್ನು ಹೇಳುವವರು ಯಾರು?

ಇಲ್ಲಿ ಚಿತ್ರ ತೆಗೆಯುವವನೂ ಕಥೆಯ ಒಂದು ಪಾತ್ರ. ರಾತ್ರಿಯಲ್ಲಿ ಹೊರಬಂದ ಮರಿಗೆ ದಿಕ್ಕು ತೋರಿಸುವುದು ಕಡಲಿನ ಮೇಲಿನ ಆಕಾಶದ ಮಂದ ಬೆಳಕು. ಬೀದಿದೀಪ, ಹೋಟೆಲಿನ ದೀಪ, ಟಾರ್ಚು, ಫ್ಲಾಶ್ ಇವೆಲ್ಲ ಅದರ ದಾರಿ ತಪ್ಪಿಸುತ್ತವೆ. ಮೊಟ್ಟೆಯಿಡಲು ಬಂದ ತಾಯಿಯೂ ಬೆಳಕಿಗೆ ಬೆದರಿ ಮೊಟ್ಟೆಯಿಡದೆ ಹಿಂದಿರುಗುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸ್ಥಾನ ಪಡೆದ ಪ್ರಾಣಿಯಿದು. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಆದುದರಿಂದ ರಾತ್ರಿಯ ಆಮೆಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಅದನ್ನು ಯಾವ ಬೆಳಕಿನಲ್ಲಿ ತೆಗೆದರೆಂದು ಕೇಳದೆ ಮೆಚ್ಚಬಾರದು. ಕತ್ತಲೆಯಲ್ಲಿ ಕ್ಯಾಮರಾ ಮುಚ್ಚಿಟ್ಟವನದೂ ಒಂದು ಒಳ್ಳೆಯ ಛಾಯಾಗ್ರಹಣವೇ.

ಕೊಕ್ಕರೆಗಳಿಗೆ ನಿಯಮ ಗೊತ್ತಿಲ್ಲ

ಮನುಷ್ಯನ ಕೈವಾಡವೆಂಬ ಮಾತಿಗೆ ಹಿಂದಿರುಗೋಣ. ದುವ್ವಾಡದಿಂದ ಉತ್ತರಕ್ಕೆ, ಶ್ರೀಕಾಕುಳಂ ಜಿಲ್ಲೆಯಲ್ಲಿ ತೇಲಿನೀಲಾಪುರಂ ಎಂಬ ಹಳ್ಳಿಯಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿ ಅಲ್ಲಿಗೆ ಬಂದು ಊರಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದೆಂದು ಜನರ ನಂಬಿಕೆ. ಮಂಡ್ಯ ಜಿಲ್ಲೆಯವರಿಗೆ ಇದು ಹೊಸತಲ್ಲ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಇವೇ ಎರಡು ಜಾತಿಗಳು, ಇಂಥವೇ ಹುಣಿಸೆಮರಗಳು, ಇದೇ ನಂಬಿಕೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಬೆಳ್ಳೂರನ್ನು ಹೊರಲೋಕದ ಗಮನಕ್ಕೆ ತಂದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಈ ಎರಡೂ ಊರುಗಳ ಚಿತ್ರಗಳನ್ನು ನೋಡಿದರೆ ಹೆಚ್ಚಿನವುಗಳಲ್ಲಿ ಹಕ್ಕಿ, ಕೊಂಬೆ, ನೀಲಿ ಆಕಾಶ ಇಷ್ಟೇ. ದೂರದ ಮಸೂರದಿಂದ ಊರನ್ನೇ ಅಳಿಸಿಹಾಕಿರುತ್ತಾರೆ. ಮರದ ಕೆಳಗಿನ ಹೆಂಚಿನ ಮನೆ, ಹಿಕ್ಕೆಯಿಂದ ಬೆಳ್ಳಗಾದ ಅಂಗಳ, ಅದನ್ನು ಗೊಬ್ಬರಕ್ಕೆ ಒಟ್ಟುಮಾಡುವ ರೈತ, ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ಆರೈಕೆ ಮಾಡುವ ಹುಡುಗರು — ಇವು ಚೌಕಟ್ಟಿನ ಹೊರಗೆ. ವಿಚಿತ್ರವೆಂದರೆ, ಆ ಅಂತಾರಾಷ್ಟ್ರೀಯ ವ್ಯಾಖ್ಯೆಯೇ ಮನುಷ್ಯನ ಜೊತೆ ಹೊಂದಿಕೊಂಡ ಜೀವಿಗೆ ಉದಾಹರಣೆಯಾಗಿ ಹೆಸರಿಸಿರುವುದು ಕೊಕ್ಕರೆಯನ್ನು! ನಿಯಮ ಬಿಟ್ಟುಕೊಟ್ಟ ಜಾಗವನ್ನೂ ನಾವು ಬಳಸಿಕೊಂಡಿಲ್ಲ.

ಹಾಗೆಂದು ನಮ್ಮಲ್ಲಿ ಒಳ್ಳೆಯ ಮಾದರಿಗಳಿಲ್ಲವೆಂದಲ್ಲ. 1940ರ ದಶಕದಲ್ಲಿ ಸಂಡೂರಿನಲ್ಲಿ ಕೆಲಸ ಮಾಡಿದ ಎಂ. ಕೃಷ್ಣನ್ (1912–1996) ತಾವೇ ಜೋಡಿಸಿಕೊಂಡ ಕ್ಯಾಮರಾದಲ್ಲಿ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದು, ಅವುಗಳ ಜೊತೆಗೆ ತಾವು ಕಂಡದ್ದನ್ನೂ ಬರೆದರು. 1950ರಿಂದ ಕೊನೆಯವರೆಗೂ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಅವರ ಅಂಕಣ ನಡೆಯಿತು. ಕಾಡಾನೆಯಷ್ಟೇ ಗೌರವ ಬೀದಿಯ ಕಾಗೆಗೂ ಅದರಲ್ಲಿ ಸಿಕ್ಕಿತು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳಿಗಾಗಿ ದೇಶ ಸುತ್ತಲಿಲ್ಲ. ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ವರ್ಷಗಟ್ಟಲೆ ಕಾದು ಕುಳಿತರು. ಕೃಪಾಕರ–ಸೇನಾನಿಯವರು ಕಾಡುನಾಯಿಗಳ ಒಂದೊಂದು ಗುಂಪಿನ ಹಿಂದೆ ಬಂಡೀಪುರದಲ್ಲಿ ವರ್ಷಗಳನ್ನೇ ಕಳೆದರು. ಇವರೆಲ್ಲರಲ್ಲಿ ಸಮಾನವಾದದ್ದು ಒಂದೇ: ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಕಾಡಿನಲ್ಲಿ ನಡೆದ ಈ ಕೆಲಸ ಕಡಲಿನ ದಡದಲ್ಲಿ ಅಷ್ಟಾಗಿ ನಡೆಯಲಿಲ್ಲ. ಕಡಲಿಗೆ ನಾವು ಭಾನುವಾರ ಹೋಗುತ್ತೇವೆ, ಸೋಮವಾರ ಮರೆಯುತ್ತೇವೆ.

ಉಡುಪಿಯ ಮಲ್ಪೆಯಾಚೆಗಿನ ಸೇಂಟ್ ಮೇರೀಸ್ ದ್ವೀಪವನ್ನೇ ತೆಗೆದುಕೊಳ್ಳಿ. ಕಂಬಗಳನ್ನು ನಿಲ್ಲಿಸಿದಂತಿರುವ ಅಲ್ಲಿನ ಶಿಲೆಗಳೂ, ವಿಶಾಖಪಟ್ಟಣ–ಭೀಮಿಲಿ ನಡುವಿನ ‘ಎರ್ರ ಮಟ್ಟಿ ದಿಬ್ಬಲು’ ಎಂಬ ಕೆಂಪು ಮರಳ ದಿಬ್ಬಗಳೂ 2025ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಒಟ್ಟಿಗೇ ಸೇರಿದವು. ನಮ್ಮೂರಿನ ಕಡಲಿಗೂ ಇಲ್ಲಿನ ಕಡಲಿಗೂ ಹೀಗೆ ಒಂದು ನೆಂಟಸ್ತನವಾಯಿತು! ಆದರೆ ಮಳೆಗಾಲದಲ್ಲಿ ಆ ದ್ವೀಪಕ್ಕೆ ದೋಣಿಯಿಲ್ಲ. ಆ ತಿಂಗಳುಗಳ ಚಿತ್ರವೂ ಅಪರೂಪ. ಕೆಂಪು ದಿಬ್ಬಗಳಲ್ಲಿ ಮಳೆನೀರು ಕೊರೆದ ಹೊಸ ಕಾಲುವೆಗಳನ್ನು ನೋಡುವವರಿಗಿಂತ ಮದುವೆಗೆ ಮುಂಚಿನ ಜೋಡಿಚಿತ್ರಕ್ಕೆ ಬರುವವರೇ ಹೆಚ್ಚು. ವರ್ಷದಲ್ಲಿ ಹನ್ನೆರಡು ತಿಂಗಳಿದ್ದರೂ ನಮ್ಮ ಚಿತ್ರಗಳ ಕಡಲ ತೀರಕ್ಕೆ ಡಿಸೆಂಬರ್ ಒಂದೇ ತಿಂಗಳು.

ಖಾಲಿ ದಡವೆಂಬ ವಾದ

ಇದರಿಂದ ಯಾರಿಗೇನು ನಷ್ಟ, ಕಣ್ಣಿಗೆ ತಂಪಾದರೆ ಸಾಲದೇ ಎಂದು ಕೇಳುವವರುಂಟು. ನಷ್ಟವಿದೆ. ಜನರಿಲ್ಲದ ದಡದ ಚಿತ್ರ ತಾನಾಗಿಯೇ ಒಂದು ವಾದವನ್ನು ಮುಂದಿಡುತ್ತದೆ: ಈ ಜಾಗ ಖಾಲಿಯಿದೆ, ಯಾರದೂ ಅಲ್ಲ. ಕರಪತ್ರದಲ್ಲಿ ಅಚ್ಚಾಗುವ ಮುಂಚೆಯೇ ಅದು ಮಾರಾಟದ ಚಿತ್ರ.

ದುವ್ವಾಡದ ನೆರೆಯಲ್ಲಿಯೇ ಇದರ ಉದಾಹರಣೆಯಿದೆ. ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಅಡಿಗಲ್ಲು ಬಿದ್ದು, 1992ರಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ನಮ್ಮಲ್ಲಿ ಕೆಲವರ ಅನ್ನದ ಮೂಲ ಅದು. ಕೃತಜ್ಞತೆ ಇದ್ದೇ ಇದೆ. ಆದರೆ ಅದಕ್ಕಾಗಿ ಅನೇಕ ಹಳ್ಳಿಗಳು ಎದ್ದುಹೋದವು. ಅನಂತರ ಗಂಗವರಂ ಬಂದರು ಬಂತು, 2009ರಲ್ಲಿ ಕೆಲಸ ಆರಂಭಿಸಿತು. ಗಂಗವರಂ, ದಿಬ್ಬಪಾಲೆಂಗಳ ಮೀನುಗಾರರು ಅದನ್ನು ವಿರೋಧಿಸಿದರು. ದಿಬ್ಬಪಾಲೆಂ ಜನ ಜಾಗ ಬಿಟ್ಟು ಹೋಗಬೇಕಾಯಿತು. ಆ ಊರುಗಳ ಹಳೆಯ ದಡ ಹೇಗಿತ್ತು, ದೋಣಿಗಳು ಎಲ್ಲಿ ನಿಲ್ಲುತ್ತಿದ್ದವು, ಮೀನು ಎಲ್ಲಿ ಒಣಗುತ್ತಿತ್ತು ಎಂದು ಇಂದಿನ ಮಕ್ಕಳಿಗೆ ತೋರಿಸಬೇಕಾದರೆ ಚಿತ್ರ ಬೇಕು. ಸೂರ್ಯೋದಯದ ಚಿತ್ರ ಆ ಕೆಲಸಕ್ಕೆ ಬಾರದು. ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲಿಯೂ ಇದೇ ಪ್ರಶ್ನೆ: ಅಲ್ಲಿಯೂ ಕಡಲಾಮೆ ಮೊಟ್ಟೆಯಿಡುವ ದಡ, ಮೀನು ಒಣಗಿಸುವ ಹೆಂಗಸರು, ಬಂದರಿನ ಯೋಜನೆ, ಮೀನುಗಾರರ ವಿರೋಧ. ಬಂದರು ಬೇಕೇ ಬೇಡವೇ ಎಂಬ ತೀರ್ಮಾನ ಈ ಲೇಖನದ್ದಲ್ಲ. ಆದರೆ ತೀರ್ಮಾನಿಸುವವರ ಮೇಜಿನ ಮೇಲೆ ಖಾಲಿ ದಡದ ಚಿತ್ರವಷ್ಟೇ ಇದ್ದರೆ ಅದು ಅನ್ಯಾಯ.

ನಮ್ಮ ರಂಪಣಿಯ ಕಥೆಯೂ ಇದೇ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿಗಳು ಬಹುಬೇಗ ಮೂಲೆ ಸೇರಿದವು. ನೂರಾರು ಜನ ಸೇರಿ ಎಳೆಯುತ್ತಿದ್ದ ಆ ಬಲೆಯನ್ನು ಕಣ್ಣಾರೆ ಕಂಡವರು ಈಗ ಅಜ್ಜಂದಿರು. ಆಗ ಯಾರೋ ಮನಸ್ಸುಮಾಡಿ ತೆಗೆದಿಟ್ಟ ನಾಲ್ಕು ಚಿತ್ರಗಳಿಗೆ ಇಂದು ಬೆಲೆ ಕಟ್ಟಲಾಗದು.

2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣದ ಮೇಲೆಯೇ ನೆಲ ಮುಟ್ಟಿತು. ಗಂಟೆಗೆ 170–180 ಕಿಲೋಮೀಟರ್ ವೇಗದ ಗಾಳಿ. ಕೈಲಾಸಗಿರಿ, ವಿಶ್ವವಿದ್ಯಾಲಯದ ಆವರಣ, ಬೀದಿಬೀದಿಯ ಮರಗಳು ಒಂದೇ ದಿನದಲ್ಲಿ ನೆಲಕ್ಕೊರಗಿದವು. ಇಲ್ಲಿದ್ದವರಾರೂ ಆ ದಿನವನ್ನು ಮರೆತಿರಲಾರರು. ಅಂದಿನಿಂದ ಮನೆಯ ಹಳೆಯ ಆಲ್ಬಮ್ಮಿನ ಅರ್ಥವೇ ಬದಲಾಯಿತು. ಮಗುವಿನ ಹುಟ್ಟುಹಬ್ಬದ ಚಿತ್ರದಲ್ಲಿ ಹಿಂದೆ ಅಕಸ್ಮಾತ್ತಾಗಿ ಬಿದ್ದಿದ್ದ ಬೇಲಿಯ ಮರ, ಶಾಲೆಯ ದಾರಿಯ ನೆರಳು, ದಡದ ತೆಂಗಿನ ಸಾಲು — ಇವೇ ದಾಖಲೆಗಳಾದವು. ನಾವು ಬೇಕೆಂದು ತೆಗೆದದ್ದು ಸಾಧಾರಣ. ಅರಿವಿಲ್ಲದೆ ಬಿದ್ದದ್ದು ಅಮೂಲ್ಯ. ಛಾಯಾಚಿತ್ರದ ಬಗ್ಗೆ ಇದಕ್ಕಿಂತ ದೊಡ್ಡ ಪಾಠವನ್ನು ಯಾವ ಪುಸ್ತಕವೂ ನನಗೆ ಕಲಿಸಿಲ್ಲ.

ಹಾಗಾದರೆ ಮಾಡಬೇಕಾದದ್ದೇನು?

ವಿಮರ್ಶೆ ಬರೆದವನು ದಾರಿಯನ್ನೂ ಹೇಳಬೇಕೆಂದು ಓದುಗರು ಕೇಳುವುದು ನ್ಯಾಯವೇ. ದುಬಾರಿ ಕ್ಯಾಮರಾ ಬೇಡ; ಇಂದು ಎಲ್ಲರ ಜೇಬಿನಲ್ಲಿರುವುದೇ ಸಾಕು. ಒಂದು ಜಾಗವನ್ನು ಆರಿಸಿಕೊಳ್ಳಬೇಕು. ಅದು ಅಪ್ಪಿಕೊಂಡದ ದೇವಸ್ಥಾನದ ದಡವಾಗಬಹುದು, ಚಳಿಗಾಲಕ್ಕೆ ವಲಸೆಯ ಬಾತುಗಳು ಬರುವ ಕೊಂಡಕರ್ಲ ಕೆರೆಯಾಗಬಹುದು, ಮೀನುಗಾರಿಕೆಯ ಬಂದರಿನ ಒಂದು ಮೂಲೆಯಾಗಬಹುದು. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ಒಂದು ಚಿತ್ರ. ತಿರುಗಿ ನಿಂತು ಇನ್ನೊಂದು. ವರ್ಷಕ್ಕೆ 24 ಚಿತ್ರ. ಏನೂ ನಡೆಯುತ್ತಿಲ್ಲವೆಂದು ಕಾಣುವ ಮೇ ತಿಂಗಳನ್ನು ಬಿಡಬಾರದು. ದೋಣಿಗಳನ್ನು ದುರಸ್ತಿ ಮಾಡಿ ಬಣ್ಣ ಬಳಿಯುವ, ನೆರಳಿನಲ್ಲಿ ಕೂತು ಬಲೆ ಹೆಣೆಯುವ ತಿಂಗಳು ಅದು, ಮುಖಗಳನ್ನು ನಿಧಾನವಾಗಿ ನೋಡಲು ಸಿಗುವ ತಿಂಗಳು. ಪ್ರತಿ ಚಿತ್ರಕ್ಕೂ ಊರು, ದಿನಾಂಕ ಬರೆದಿಡಬೇಕು. ಚಿತ್ರದಲ್ಲಿರುವವರನ್ನು ಕೇಳಿ ತೆಗೆಯಬೇಕು, ಒಂದು ಪ್ರತಿಯನ್ನು ಅವರಿಗೆ ಮುಟ್ಟಿಸಬೇಕು.

ನಾವು ಈ ಊರಿಗೆ ಹೊಟ್ಟೆಪಾಡಿಗೆ ಬಂದವರು. ನಮ್ಮಲ್ಲಿ ಅನೇಕರು ನಿವೃತ್ತಿಯಾದ ಮೇಲೆ ಮೈಸೂರಿಗೋ ಧಾರವಾಡಕ್ಕೋ ಹಿಂದಿರುಗುತ್ತೇವೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮಾತ್ರ ಊರೆಂದರೆ ಇದೇ. ಮುಂದೊಂದು ದಿನ ಅವರು ಆಲ್ಬಮ್ ತೆರೆದು, “ಅಪ್ಪ, ನಾವಿದ್ದ ಊರು ಹೇಗಿತ್ತು?” ಎಂದು ಕೇಳಿದರೆ ಸೂರ್ಯನನ್ನು ತೋರಿಸಿ ಪ್ರಯೋಜನವಿಲ್ಲ, ಸೂರ್ಯ ಎಲ್ಲ ಊರಿನಲ್ಲಿಯೂ ಇದ್ದಾನೆ. ಮೀನು ಆರಿಸುತ್ತಿದ್ದ ಆ ಮುದುಕಿಯ ಮುಖ, ಅವಳ ಹಿಂದಿನ ಬೀದಿ, ಅದರ ಆಚೆಗಿನ ಚಿಮಣಿ, ಇವನ್ನು ತೋರಿಸಬೇಕು. ನಮ್ಮ ಸಂಘದ ಬರುವ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಅಂಥದೊಂದು ಚಿತ್ರ ಬಂದರೆ, ಸೂರ್ಯೋದಯವಿಲ್ಲವೆಂದು ಸಂಪಾದಕರು ಅದನ್ನು ತಳ್ಳಿಹಾಕದಿರಲಿ ಎಂದಷ್ಟೇ ನನ್ನ ವಿನಂತಿ.